ಊರ ಸುದ್ದಿ ನಮ್ಮನ್ನು ಮುಟ್ಟಿದ ದಾರಿ



ಸಂಘದ ಈ ಪತ್ರಿಕೆಗೆ ನಾವು ಇದುವರೆಗೆ ಬರೆದದ್ದೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೇಸಿಗೆಯಲ್ಲಿ ಕುಡಿಯಬೇಕಾದ ನೀರಿನ ಪ್ರಮಾಣ ಇಂಥ ವಿಷಯಗಳನ್ನೇ. "ಡಾಕ್ಟ್ರೇ, ಈ ಸಲವಾದರೂ ಓದಿದವರಿಗೆ ಹೆದರಿಕೆಯಾಗದಂಥದ್ದು ಏನಾದರೂ ಬರೆಯಿರಿ" ಎಂದು ಸಂಪಾದಕ ಮಿತ್ರರು ಕೇಳಿಕೊಂಡಿದ್ದಾರೆ. ಅದಕ್ಕಾಗಿ ಈ ಬಾರಿ ಔಷಧದ ಮಾತನ್ನು ಬದಿಗಿಟ್ಟು ಸ್ವಲ್ಪ ಚರಿತ್ರೆಯ ಮಾತನ್ನು ಎತ್ತಿಕೊಂಡಿದ್ದೇವೆ. ದುಬೈ, ಅಬುಧಾಬಿಗಳಲ್ಲಿ ನೆಲೆಸಿದ ನಮಗೆ ಊರಿನ ಸುದ್ದಿ ಹೇಗೆ ಬರುತ್ತಿತ್ತು, ಈಗ ಹೇಗೆ ಬರುತ್ತಿದೆ, ಅದನ್ನು ಕಳುಹಿಸುವವರು ಯಾರು ಎಂಬುದೇ ಆ ಚರಿತ್ರೆ.

ಮಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಂಗ್ಲೆಂಡಿನಲ್ಲಿ ರೆಸಿಡೆನ್ಸಿ ಮಾಡಿ ನಾವು ಅಬುಧಾಬಿಗೆ ಬಂದದ್ದು 1997ರಲ್ಲಿ. ಆಗ ಊರಿಗೆ ಫೋನು ಮಾಡುವುದೆಂದರೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಮಾತನಾಡುವ ಕೆಲಸ. ಮಾತೆಲ್ಲ "ಹುಷಾರಾಗಿದ್ದೀರಾ, ಮಳೆ ಬಂತಾ, ಅಮ್ಮನ ಕಾಲುನೋವು ಹೇಗಿದೆ" ಎಂಬಲ್ಲಿಗೆ ಮುಗಿಯುತ್ತಿತ್ತು. ಊರಿನ ಪತ್ರಿಕೆ ಸಿಗುವುದು ರಜೆಯಿಂದ ಮರಳಿದವರ ಪೆಟ್ಟಿಗೆಯಲ್ಲಿ. ಅದೂ ಓದಲೆಂದು ತಂದದ್ದಲ್ಲ, ಹಪ್ಪಳ ಕಟ್ಟಲು, ಉಪ್ಪಿನಕಾಯಿಯ ಭರಣಿ ಸುತ್ತಲು ಬಳಸಿದ್ದು. ನಮ್ಮ ಮನೆಯವರು ಆ ಹಾಳೆಗಳನ್ನು ಎಣ್ಣೆಯ ಕಲೆಯ ಸಮೇತ ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ಕೈಯಲ್ಲಿ ಸವರಿ ಮೇಜಿನ ಮೇಲೆ ಹರಡುತ್ತಿದ್ದರು. ಹೀಗೆ ಒಂದು ಸಂಜೆ ಹಲಸಿನ ಹಪ್ಪಳದ ಕಟ್ಟನ್ನು ಬಿಚ್ಚಿದಾಗ, ನಮಗೆ ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿಸಿದ ಮಾಸ್ಟ್ರ ಭಾವಚಿತ್ರ ಕಂಡಿತು. ಕೆಳಗೆ 'ನಿಧನ' ಎಂದಿತ್ತು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಹಿಂದಿನ ವಾರವಷ್ಟೇ ಅವರಿಗೆ ನಾವೊಂದು ಕಾಗದ ಬರೆದು ಅಂಚೆಗೆ ಹಾಕಿದ್ದೆವು.

ಸುದ್ದಿ ತಡವಾಗುವುದು ನಮ್ಮ ಕಾಲದ ಕಷ್ಟ ಮಾತ್ರವೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು, ನಮ್ಮ ಮಂಗಳೂರಿನಿಂದಲೇ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಅಚ್ಚಿನ ಮೊಳೆಗಳಿಲ್ಲದೆ ಕಲ್ಲಚ್ಚಿನಲ್ಲಿ ಮುದ್ರಿಸಿ, ಹದಿನೈದು ದಿನಕ್ಕೊಮ್ಮೆ ಹೊರಡಿಸುತ್ತಿದ್ದರು. ಮಾರನೆಯ ವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಕರ್ನಾಟಕದಲ್ಲಿ ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಆ ನೆನಪಿಗಾಗಿಯೇ. ಅದೇ 1843ರಲ್ಲಿ ನಾವೀಗ ಬದುಕುತ್ತಿರುವ ಈ ಕರಾವಳಿಯ ಶೇಖರು ಕಡಲಿನ ಮೇಲೆ ಜಗಳವಾಡುವುದಿಲ್ಲವೆಂದು ಬ್ರಿಟಿಷರ ಮುಂದೆ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅರಬ್ಬಿ ಸಮುದ್ರದ ಎರಡು ದಡಗಳಲ್ಲಿ ಒಂದೇ ವರ್ಷ ನಡೆದ ಈ ಎರಡು ಸಂಗತಿಗಳು ಒಂದಕ್ಕೊಂದು ತಿಳಿಯಲು ಹಾಯಿಹಡಗಿನವರ ಬಾಯಿಮಾತೇ ಗತಿಯಾಗಿದ್ದಿರಬೇಕು.

ಮುಂದೆ ಬೆಂಗಳೂರಿನಲ್ಲಿ 1948ರಲ್ಲಿ 'ಪ್ರಜಾವಾಣಿ' ಬಂತು. ಮಣಿಪಾಲದಲ್ಲಿ 1970ರ ಜನವರಿ 1ರಂದು 'ಉದಯವಾಣಿ' ಆರಂಭವಾಯಿತು. ಕರಾವಳಿಯ ಸಣ್ಣ ಸಣ್ಣ ಊರುಗಳ ಹೆಸರು ದಿನಪತ್ರಿಕೆಯಲ್ಲಿ ಕಾಣುವುದು ಅಲ್ಲಿಂದೀಚೆಗೆ ನಮಗೆ ಅಭ್ಯಾಸವಾಯಿತು. ಇತ್ತ 1971ರ ಡಿಸೆಂಬರ್ 2ರಂದು ಈ ಎಮಿರೇಟುಗಳು ಒಂದು ರಾಷ್ಟ್ರವಾದವು. 1978ರಲ್ಲಿ 'ಖಲೀಜ್ ಟೈಮ್ಸ್' ಮತ್ತು 'ಗಲ್ಫ್ ನ್ಯೂಸ್' ಎರಡೂ ದುಬೈಯಲ್ಲಿ ಶುರುವಾದವು. ದಿಲ್ಲಿಯ ಸುದ್ದಿ, ಕ್ರಿಕೆಟ್ಟಿನ ಸುದ್ದಿ ಅವುಗಳಲ್ಲಿ ಸಿಗುತ್ತಿತ್ತು. ಪುತ್ತೂರಿನ ಜಾತ್ರೆಯ ಸುದ್ದಿ ಎಲ್ಲಿ ಸಿಗಬೇಕು? ನಮ್ಮ ನೆರೆಯ ಮಲಯಾಳಿ ಬಂಧುಗಳ ಮಾತು ಬೇರೆ. 'ಮಾಧ್ಯಮಂ' ಪತ್ರಿಕೆಯವರು 1999ರಲ್ಲಿ ಬಹರೈನಿನಲ್ಲೇ ಮುದ್ರಣ ಆರಂಭಿಸಿ ಕೊಲ್ಲಿಗೆಂದೇ ಆವೃತ್ತಿ ತಂದರು. ನಮ್ಮ ಮನೆ ಬಾಗಿಲಿಗೆ ಹಾಗೆ ಬೆಳಿಗ್ಗೆ ಬಂದು ಬೀಳುವ ಕನ್ನಡ ದಿನಪತ್ರಿಕೆ ಇರಲಿಲ್ಲ. ಕಾಗದದ ಮೇಲೆ ಬಾರದ್ದು ನಮಗೆ ಬಂದದ್ದು ಕಂಪ್ಯೂಟರಿನ ಮೂಲಕ.

ಈ ದೇಶದಲ್ಲಿ ಎತಿಸಲಾತ್ ಸಂಸ್ಥೆ ಅಂತರಜಾಲದ ಸೇವೆ ಆರಂಭಿಸಿದ್ದು 1995ರಲ್ಲಿ. ಮರುವರ್ಷ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಹೊರತಂದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆದರೆ ಓದುವುದು ಅಷ್ಟು ಸುಲಭವಿರಲಿಲ್ಲ. ಒಂದೊಂದು ಪತ್ರಿಕೆಗೂ ಒಂದೊಂದು ಅಕ್ಷರಶೈಲಿ. ಆ ಫಾಂಟನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳದಿದ್ದರೆ ಪರದೆಯ ತುಂಬ ಸೊಟ್ಟ ಗೆರೆ, ಪ್ರಶ್ನೆ ಚಿಹ್ನೆ, ಚೌಕಗಳು. ಟೆಲಿಫೋನ್ ತಂತಿಯ ಮೇಲೆ ಆ ಫಾಂಟು ಇಳಿಯುವಷ್ಟರಲ್ಲಿ ಮಕ್ಕಳು ಊಟ ಮುಗಿಸಿ ಮಲಗಿರುತ್ತಿದ್ದರು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತವಿರಲೆಂದು ಮಾಡಿದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಳ ಸಿಕ್ಕಿತ್ತು, ನಿಜ. ಆದರೆ ಅದು ನಮ್ಮಂಥ ಸಾಮಾನ್ಯರ ಮೇಜಿನವರೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಕನ್ನಡ ಟೈಪು ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟವರು ಕೆ.ಪಿ. ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಹೀಗೆ ದಾರಿ ತೆರೆದ ಮೇಲೆ ಊರಿನ ಕಡೆಯಿಂದ ಸುದ್ದಿತಾಣಗಳು ಒಂದೊಂದಾಗಿ ಹುಟ್ಟಿದವು. ವಾಲ್ಟರ್ ನಂದಳಿಕೆ ಅವರ 'ದಾಯ್ಜಿವರ್ಲ್ಡ್' ಈ ಮೊದಲಿನವುಗಳಲ್ಲಿ ಒಂದು. ಹಳೆಯ ದಿನಪತ್ರಿಕೆಗಳೂ ಒಂದು ಮೂಲೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು 'ವೆಬ್ ವಿಭಾಗ' ಎಂಬ ಬೋರ್ಡು ಹಾಕಿದವು. ಆ ಮೂಲೆಗೆ ಕೂರಿಸಿದ್ದು ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯರನ್ನು. ಪತ್ರಿಕೋದ್ಯಮದ ಪದವಿ ಮುಗಿಸಿ ಆಗಷ್ಟೇ ಬಂದ ಹುಡುಗ ಹುಡುಗಿಯರನ್ನು.

ನಮ್ಮ ಅಕ್ಕನ ಮಗನೂ ಅಂಥ ಒಬ್ಬ ಹುಡುಗ. ವಯಸ್ಸು 28. ಊರಿನ ಪತ್ರಿಕೆಯೊಂದರ ವೆಬ್ ವಿಭಾಗವನ್ನು ನೋಡಿಕೊಳ್ಳುತ್ತಾನೆ. ಪತ್ರಿಕೆಯ ಹೆಸರು ಇಲ್ಲಿ ಬೇಡ. ಕಳೆದ ಮಳೆಗಾಲದ ರಜೆಯಲ್ಲಿ ಅವನ ಮನೆಯಲ್ಲಿ ನಾಲ್ಕು ದಿನ ಇದ್ದಾಗ ಅವನ ದಿನಚರಿಯನ್ನು ಕಣ್ಣಾರೆ ಕಂಡೆವು.

ಬೆಳಗಿನ ಪಾಳಿ ಐದೂವರೆಗೆ. ಮೊದಲು ಅಂದಿನ ಮುದ್ರಿತ ಪುಟಗಳನ್ನು ಓದಿ, ಯಾವುದು ವೆಬ್‌ಗೆ ಹೋಗಬೇಕೆಂದು ಗುರುತು ಹಾಕುತ್ತಾನೆ. ಪುಟ ಕಟ್ಟುವವರು ಇನ್ನೂ ಹಳೆಯ ಫಾಂಟಿನಲ್ಲೇ ಟೈಪು ಮಾಡುವುದರಿಂದ ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಒಂದೊಂದನ್ನೂ ಕಣ್ಣಿಟ್ಟು ಸರಿಮಾಡಬೇಕು. ಅಷ್ಟರಲ್ಲಿ ಊರೂರಿನ ಬಿಡಿ ವರದಿಗಾರರಿಂದ ವಾಟ್ಸಾಪ್‌ನಲ್ಲಿ ಚಿತ್ರ, ಧ್ವನಿ, ಅರ್ಧ ವಾಕ್ಯಗಳು ಬರತೊಡಗುತ್ತವೆ. "ಘಾಟಿಯಲ್ಲಿ ಮರ ಬಿದ್ದಿದೆ" ಎಂದರೆ ಯಾವ ಘಾಟಿ, ಯಾವ ತಿರುವು, ವಾಹನ ಹೋಗುತ್ತಿದೆಯೋ ಇಲ್ಲವೋ ಎಂದು ಠಾಣೆಗೆ ಫೋನು ಮಾಡಿ ಕೇಳಬೇಕು. ಎರಡು ವರ್ಷ ಹಿಂದಿನ ಮರದ ಚಿತ್ರವನ್ನು ಇಂದಿನದೆಂದು ಕಳುಹಿಸುವವರೂ ಇದ್ದಾರಂತೆ. ಮಧ್ಯೆ ಚಿನ್ನದ ದರ, ಅಡಕೆಯ ಧಾರಣೆ, ಯಕ್ಷಗಾನ ಎಲ್ಲಿ, ಕಂಬಳದ ಫಲಿತಾಂಶ ಏನು ಎಂಬುದೆಲ್ಲ ಬೇಕು. ಮಳೆಗಾಲದಲ್ಲಿ ಅತಿ ಹೆಚ್ಚು ಓದುಗರು ಬರುವುದು ಒಂದೇ ಸಾಲಿನ ಸುದ್ದಿಗೆ. ನಾಳೆ ಶಾಲೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೋ ಇಲ್ಲವೋ ಎಂಬುದಕ್ಕೆ. ಸಂಜೆಯಿಂದಲೇ ತಾಯಂದಿರು ಫೋನು ಮಾಡಿ "ಮಗಾ, ರಜೆ ಉಂಟಾ?" ಎಂದು ಇವನನ್ನೇ ಕೇಳುತ್ತಾರೆ.

"ಮಾವ, ನಿಮ್ಮವರು ಯಾವಾಗ ಓದ್ತಾರೆ ಅಂತ ನಮಗೆ ಗೊತ್ತಾಗ್ತದೆ" ಎಂದು ಅವನು ನಕ್ಕ. ನಾವಿಲ್ಲಿ ಅವರಿಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ತಿಂಡಿಯ ಹೊತ್ತಿನ ಓದುಗರು ಇಳಿಯುವಾಗ ಇಲ್ಲಿಯವರು ಎದ್ದು ಕಣ್ಣುಜ್ಜಿಕೊಂಡು ಬರುತ್ತಾರೆ. ಮೊದಲು ಶುಕ್ರವಾರ ಬೆಳಿಗ್ಗೆ ಕೊಲ್ಲಿಯ ಓದುಗರು ಜಾಸ್ತಿಯಂತೆ. 2022ರ ಜನವರಿಯಿಂದ ಇಲ್ಲಿಯ ವಾರದ ರಜೆ ಶನಿವಾರ, ಭಾನುವಾರಕ್ಕೆ ಹೋದ ಮೇಲೆ ಆ ಗುಂಪೂ ಎರಡು ದಿನ ಮುಂದಕ್ಕೆ ಸರಿಯಿತಂತೆ. ನಮ್ಮ ಸಂಘದ ವನಭೋಜನದ ಹಾಗೆಯೇ!

ಇದೆಲ್ಲ ಕೇಳಲು ಹಗುರವಾದ ಕೆಲಸದಂತೆ ಕಾಣಬಹುದು. ಹಾಗಲ್ಲವೆಂದು ನಮಗೆ ಗೊತ್ತಾದದ್ದು ಬಹಳ ಹಿಂದೆ, ಈ ಹುಡುಗ ಇನ್ನೂ ಶಾಲೆಯಲ್ಲಿದ್ದಾಗ. ನಮ್ಮಲ್ಲಿ ಹಳಬರು ಯಾರೂ ಆ ದಿನವನ್ನು ಮರೆತಿರಲಾರರು.

2006ರಲ್ಲಿ ಮಂಗಳೂರಿಗೆ ದುಬೈಯಿಂದ ನೇರ ವಿಮಾನ ಶುರುವಾದಾಗ ನಾವೆಲ್ಲ ಸಿಹಿ ಹಂಚಿದ್ದೆವು. ಮುಂಬಯಿಯಲ್ಲಿ ಇಳಿದು ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ಕಷ್ಟ ತಪ್ಪಿತ್ತು. 2010ರ ಮೇ 22, ಶನಿವಾರ. ದುಬೈಯಿಂದ ಮಧ್ಯರಾತ್ರಿ ಕಳೆದು ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ 812ನೆಯ ವಿಮಾನ ಬೆಳಿಗ್ಗೆ ಆರು ಗಂಟೆ ಕಳೆದಾಗ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗೆ 166 ಜನ. 158 ಮಂದಿ ತೀರಿಕೊಂಡರು, 8 ಮಂದಿ ಬದುಕಿದರು. ಮದುವೆಗೆ ಹೊರಟವರು, ಸಾವಿಗೆ ಹೊರಟವರು, ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಟ ತಾಯಂದಿರು ಅದರಲ್ಲಿದ್ದರು.

ಇಲ್ಲಿ ಆಗ ಇನ್ನೂ ನಾಲ್ಕೂವರೆ ಗಂಟೆ ಕಳೆದಿತ್ತಷ್ಟೆ. ಹಿಂದಿನ ರಾತ್ರಿ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವರು ಮಲಗಿದ್ದರು. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರು, ಬೆಳ್ತಂಗಡಿ ಕಡೆಯವರು, ಕೆಲಸದ ಕೊಠಡಿಗೆ ಓಡಿ ಬಂದರು. ಅವರ ತಮ್ಮ ಆ ವಾರದಲ್ಲಿ ಊರಿಗೆ ಹೋಗುವವನಿದ್ದ. ಯಾವ ದಿನ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಅವನ ಫೋನು ಮುಚ್ಚಿತ್ತು. ಊರಿನ ಫೋನುಗಳಿಗೆ ಲೈನೇ ಸಿಗುತ್ತಿರಲಿಲ್ಲ. ನಾವು ಅವರ ಪಕ್ಕದಲ್ಲಿ ಕುಳಿತು ಮಂಗಳೂರಿನ ಸುದ್ದಿತಾಣಗಳ ಪುಟವನ್ನು ಮತ್ತೆ ಮತ್ತೆ ತೆರೆದೆವು. ಹೊಗೆಯ ಚಿತ್ರ ಇತ್ತು, ಸಂಖ್ಯೆ ಇತ್ತು, ಹೆಸರು ಇರಲಿಲ್ಲ. "ಇವರಿಗೆ ಹೆಸರು ಹಾಕಲು ಏನು ಧಾಡಿ?" ಎಂದು ಬೈದೆವು. ಬೈದವರು ನಾವೇ.

ಅದೇ ಹೊತ್ತಿಗೆ ಪರಿಚಿತರೊಬ್ಬರ ಫೋನು ಬಂತು. ದೇರಾದಲ್ಲಿ ಅಂಗಡಿ ಇಟ್ಟುಕೊಂಡಿದ್ದ ನಮ್ಮೂರಿನವರೊಬ್ಬರು ಸಂಸಾರ ಸಮೇತ ಆ ವಿಮಾನದಲ್ಲಿದ್ದರೆಂದು ಹೇಳಿದರು. ಹೇಗೆ ಗೊತ್ತಾಯಿತು ಎಂದು ನಾವು ಕೇಳಲಿಲ್ಲ. ದುಃಖದಲ್ಲಿ ಮೂರು ಮನೆಗಳಿಗೆ ಫೋನು ಮಾಡಿ ತಿಳಿಸಿಬಿಟ್ಟೆವು. ಆ ಮೂರು ಮನೆಗಳಿಂದ ಇನ್ನೆಷ್ಟು ಮನೆಗಳಿಗೆ ಹೋಯಿತೋ ದೇವರೇ ಬಲ್ಲ. ಸಂಜೆ ಆ ಅಂಗಡಿಯವರೇ ಫೋನು ಮಾಡಿದರು. "ಡಾಕ್ಟ್ರೇ, ನಾನು ಇಲ್ಲೇ ಅಂಗಡಿಯಲ್ಲಿದ್ದೇನೆ. ಊರಲ್ಲಿ ಅಮ್ಮ ಸುದ್ದಿ ಕೇಳಿ ಬಿದ್ದು ಆಸ್ಪತ್ರೆಗೆ ಸೇರಿಸಿದ್ದಾರೆ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು. ನಾಡಿ ಹಿಡಿದು, ಎದೆಗೆ ಸ್ಟೆತಸ್ಕೋಪು ಇಟ್ಟು, ಕಣ್ಣಿಗೆ ಬೆಳಕು ಬಿಟ್ಟು ನೋಡದೆ ಯಾರನ್ನೂ ತೀರಿಕೊಂಡರೆಂದು ಹೇಳಬಾರದೆಂದು ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಕಲಿತ ನಾವು, ಬದುಕಿದ್ದ ಒಂದು ಸಂಸಾರವನ್ನು ಫೋನಿನಲ್ಲಿ ಕೊಂದಿದ್ದೆವು. ಆ ತಾಯಿ ಚೇತರಿಸಿಕೊಂಡರು, ಅದು ನಮ್ಮ ಪುಣ್ಯ.

ನರ್ಸಿನ ತಮ್ಮ ಆ ವಿಮಾನದಲ್ಲಿ ಇರಲಿಲ್ಲ. ಅಧಿಕೃತ ಪಟ್ಟಿ ಪ್ರಕಟವಾದ ಮೇಲೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆವು. ಆಗ ಬಂದ ನೆಮ್ಮದಿಗೆ ನಾಚಿಕೆಯೂ ಆಯಿತು. ಪಟ್ಟಿಯಲ್ಲಿದ್ದ ಮನೆಗಳ ಗತಿ ಏನು? ಗುರುತೇ ಸಿಗದಷ್ಟು ಸುಟ್ಟುಹೋದ ದೇಹಗಳಿಗೆ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿ.ಎನ್.ಎ. ಪರೀಕ್ಷೆ ಮಾಡಬೇಕಾಯಿತು. ಪರೀಕ್ಷೆಯ ನಂತರವೂ ಗುರುತು ಸಿಗದವರನ್ನು ಸರ್ಕಾರವೇ ಮಣ್ಣು ಮಾಡಿತು. ವೈದ್ಯರು, ಪೊಲೀಸರು, ವಿಜ್ಞಾನಿಗಳಿಗೇ ಹೆಸರು ಹೇಳಲು ದಿನಗಳು ಬೇಕಾದ ಕಡೆ, ಆ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗರಿಂದ ನಾವು ಹೆಸರನ್ನು ಗಂಟೆಯೊಳಗೆ ಕೇಳಿದ್ದೆವು. ಅವರು ಹಾಕದೆ ತಡೆದದ್ದೇ ಅಂದು ಅವರು ಮಾಡಿದ ದೊಡ್ಡ ಉಪಕಾರವೆಂದು ಈಗ ಅರ್ಥವಾಗುತ್ತದೆ.

ಇಂಥ ಪರೀಕ್ಷೆ ಮತ್ತೆ ಬಂದದ್ದು ಕೊರೊನಾ ಕಾಲದಲ್ಲಿ. ವಿಮಾನಗಳೆಲ್ಲ ನಿಂತು, ಕೆಲಸ ಕಳೆದುಕೊಂಡವರು, ಬಸುರಿಯರು, ಮುದುಕರು ಇಲ್ಲಿ ಸಿಕ್ಕಿಬಿದ್ದಿದ್ದರು. 2020ರ ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಹೋಯಿತು. ಕರ್ನಾಟಕ ಸರ್ಕಾರದ ದೈನಂದಿನ ಪ್ರಕಟಣೆಯಲ್ಲಿ ರೋಗಿಗಳ ಹೆಸರಿರುತ್ತಿರಲಿಲ್ಲ, 'ಪಿ' ಎಂಬ ಅಕ್ಷರ ಮತ್ತು ಒಂದು ಸಂಖ್ಯೆ ಮಾತ್ರ. ಆದರೆ ವಯಸ್ಸು ಇರುತ್ತಿತ್ತು, ದುಬೈಯಿಂದ ಬಂದವರು ಎಂದಿರುತ್ತಿತ್ತು. ಅದಕ್ಕೆ ಗ್ರಾಮದ ಹೆಸರು ಸೇರಿಸಿದರೆ ಸಾಕು, ಊರಿನವರಿಗೆ ಮನೆ ಗೊತ್ತಾಗುತ್ತಿತ್ತು. ಅಳಿಯ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಗ್ರಾಮದ ಹೆಸರು ಹಾಕಿ ಎಂದು ಓದುಗರಿಂದ ದಿನಕ್ಕೆ ನೂರು ಸಂದೇಶ ಬರುತ್ತಿದ್ದವಂತೆ. ತಾಲೂಕಿನ ಹೆಸರಿಗೇ ನಿಲ್ಲಿಸಿದೆವು ಎಂದ. ರೋಗಿಯ ಗುಟ್ಟನ್ನು ಕಾಯಬೇಕೆಂದು ನಾವು ಐದೂವರೆ ವರ್ಷ ಓದಿ ಕಲಿತದ್ದನ್ನು ಈ ಹುಡುಗರು ಮೇಜಿನ ಮುಂದೆ ಕೂತು ತಾವೇ ಕಂಡುಕೊಂಡಿದ್ದಾರೆ.

ಅವನು ಹೇಳಿದ ಇನ್ನೊಂದು ಸಂಗತಿಯಿದೆ. ಒಂದು ರಾತ್ರಿ ಹನ್ನೊಂದಕ್ಕೆ ಇಲ್ಲಿಂದ ಯಾರೋ ಅವನಿಗೆ ರಸ್ತೆ ಅಪಘಾತದ ಸುದ್ದಿ ಕಳುಹಿಸಿದರು. ತೀರಿಕೊಂಡವನ ಹೆಸರು, ಊರು, ಪಾಸ್‌ಪೋರ್ಟಿನ ಚಿತ್ರ ಎಲ್ಲವೂ ಇತ್ತು. ಇಲ್ಲಿ ಒಬ್ಬರು ತೀರಿಕೊಂಡರೆ ಎಷ್ಟು ಕೆಲಸವಿದೆ ಎಂದು ನಿಮಗೆ ಗೊತ್ತು. ಪೊಲೀಸರ ಕಾಗದ, ಮರಣ ಪ್ರಮಾಣಪತ್ರ, ನಮ್ಮ ದೂತಾವಾಸದಲ್ಲಿ ಪಾಸ್‌ಪೋರ್ಟ್ ರದ್ದು, ಸೋನಾಪುರದಲ್ಲಿ ದೇಹ ಕೆಡದಂತೆ ಸಂಸ್ಕರಣೆ, ಆಮೇಲೆ ವಿಮಾನ. ಇದೆಲ್ಲ ಆಗುವಷ್ಟರಲ್ಲಿ ಚಿತ್ರ ಮಾತ್ರ ಊರನ್ನು ಮೂರು ಸುತ್ತು ಹಾಕಿರುತ್ತದೆ. ಅಳಿಯ ಊರಿನ ವರದಿಗಾರನನ್ನು ಎಬ್ಬಿಸಿ ವಿಚಾರಿಸಿದ. ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ, ದೊಡ್ಡ ಮಗ ಬೆಂಗಳೂರಿನಿಂದ ಹೊರಟಿದ್ದಾನೆ, ಬೆಳಿಗ್ಗೆ ಬಂದು ತಾನೇ ಹೇಳುತ್ತಾನೆ ಎಂದು ತಿಳಿಯಿತು. ಇವನು ಸುದ್ದಿಯನ್ನು ತಡೆದಿಟ್ಟ. ಮಧ್ಯರಾತ್ರಿ ಬೇರೆ ಕಡೆಯವರು ಹಾಕಿಬಿಟ್ಟರು. ಬೆಳಿಗ್ಗೆ "ನಾವು ಯಾಕೆ ಹಿಂದೆ ಬಿದ್ದೆವು?" ಎಂದು ಮೇಲಿನವರು ಇವನನ್ನು ಕೇಳಿದರು.

"ನೀನೇನು ಹೇಳಿದೆ?" ಎಂದು ವಿಚಾರಿಸಿದೆವು.

"ಏನೂ ಹೇಳಲಿಲ್ಲ ಮಾವ. ತಡ ಆದ್ರೆ ಬೈಗುಳ ನನಗೆ ಮಾತ್ರ ಅಲ್ವಾ" ಎಂದು ಹೇಳಿ, ಅಮ್ಮ ಬಡಿಸಿದ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಊಟ ಮಾಡಿದ. ಆ ತಾಯಿಗೆ ಸುದ್ದಿ ಮೊದಲು ಯಾರಿಂದ ತಿಳಿಯಿತು ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಪ್ಪಳದ ಕಾಗದದಲ್ಲಿ ಎರಡು ತಿಂಗಳು ತಡವಾಗಿ ಸುದ್ದಿ ಓದಿದ ಕಾಲ ಮತ್ತೆ ಬರಲಿ ಎಂದು ನಾವು ಹೇಳುವುದಿಲ್ಲ. ಮಾಸ್ಟ್ರ ಮನೆಗೆ ಸಮಯಕ್ಕೆ ಎರಡು ಮಾತು ಬರೆಯಲಾಗಲಿಲ್ಲವೆಂಬ ಕೊರಗು ಇನ್ನೂ ಇದೆ. ಆದರೆ ಆಗ ಸುದ್ದಿಯನ್ನು ಸೋಸಲು ಅಂಚೆ, ಅಚ್ಚಿನಮನೆ, ಹಡಗು, ವಿಮಾನ ಇವುಗಳ ತಡವೇ ಸಾಕಿತ್ತು. ಆ ತಡ ಹೋದ ಮೇಲೆ ಸೋಸುವ ಕೆಲಸ ಪೂರ್ತಿ ಬಿದ್ದಿರುವುದು ಇಪ್ಪತ್ತೆಂಟು ವರ್ಷದ ಒಬ್ಬ ಹುಡುಗನ ತಲೆಯ ಮೇಲೆ. ಅವನ ಕೈಯಲ್ಲಿ ಇರುವುದು ಒಂದು ಫೋನು, ಕೆಲವು ನಿಮಿಷ, ಮತ್ತು ಅವನ ಮನಸ್ಸಾಕ್ಷಿ.

ಕೊನೆಯಲ್ಲಿ ಸದಸ್ಯ ಕುಟುಂಬಗಳಲ್ಲಿ ಮೂರು ವಿನಂತಿ. ನಮ್ಮ ಸಂಘದ ಕಾರ್ಯಕ್ರಮದ ವರದಿಯನ್ನು ಊರಿನ ಪತ್ರಿಕೆಗೆ ಕಳುಹಿಸುವಾಗ ಹೆಸರುಗಳನ್ನು ಕನ್ನಡದಲ್ಲೇ ಸರಿಯಾಗಿ ಬರೆದು, ಚಿತ್ರದಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಸಿ ಕಳುಹಿಸೋಣ. ಆ ಹುಡುಗರ ಅರ್ಧ ಗಂಟೆ ಉಳಿಯುತ್ತದೆ. ಪತ್ರಿಕೆ ಚಂದಾ ಕೇಳಿದರೆ ಕೊಡೋಣ. ಒಂದು ಫೋನು ಹೆಚ್ಚು ಮಾಡಿ ಖಾತ್ರಿ ಮಾಡಿಕೊಳ್ಳಲು ಅವರಿಗೆ ಪುರುಸೊತ್ತು ಸಿಗುವುದು ಅದರಿಂದಲೇ. ಮೂರನೆಯದು ಸಾವಿನ ಸುದ್ದಿಯ ಬಗ್ಗೆ. ಮನೆಯವರಿಗೆ ತಿಳಿದಿದೆಯೆಂದು ಖಚಿತವಾಗುವ ತನಕ ಹೆಸರನ್ನಾಗಲಿ ಚಿತ್ರವನ್ನಾಗಲಿ ಮುಂದಕ್ಕೆ ಕಳುಹಿಸುವುದು ಬೇಡ. 2010ರಲ್ಲಿ ನಾವು ಮಾಡಿದ ತಪ್ಪನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈ ಮಾತನ್ನು ನಿಮ್ಮಲ್ಲಿ ಕೇಳಿಕೊಳ್ಳಲು ಅದನ್ನು ಹೇಳಲೇಬೇಕಾಯಿತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಕ್ಕರೆ ಕಾಯಿಲೆಯೇ!